ಬೆವರು ನೋಡಿ ಮದ್ದು ಕೊಟ್ಟ ವೈದ್ಯ: ಜಾಂಗ್ ಜೋಂಗ್‌ಜಿಂಗ್

ಇನ್ನೂರಕ್ಕೂ ಹೆಚ್ಚು ಜನರಿದ್ದ ದೊಡ್ಡ ಮನೆತನ ಅದು. ಹತ್ತು ವರ್ಷ ತುಂಬುವುದರೊಳಗೆ ಮೂರರಲ್ಲಿ ಎರಡು ಪಾಲು ಜನ ತೀರಿಹೋದರು. ಸತ್ತವರಲ್ಲಿ ಹತ್ತಕ್ಕೆ ಏಳು ಮಂದಿಯನ್ನು ಕೊಂಡೊಯ್ದದ್ದು ಮೈಗೆ ಚಳಿ ಹಿಡಿದು ಶುರುವಾಗುವ ಕಾಯಿಲೆ. ಚೀನಾದ ಹಾನ್ ಸಾಮ್ರಾಜ್ಯ ಕುಸಿದು ಬೀಳುತ್ತಿದ್ದ ಕಾಲದಲ್ಲಿ, ಕ್ರಿ.ಶ. 196ರಿಂದ ಈಚೆಗೆ ನಡೆದದ್ದಿದು. ಈ ಲೆಕ್ಕವನ್ನು ಬರೆದಿಟ್ಟವನು ಅದೇ ಮನೆತನದ ಒಬ್ಬ ವೈದ್ಯ. ತನ್ನ ಪುಸ್ತಕದ ಮುನ್ನುಡಿಯಲ್ಲಿ ಅವನು ಕೊಟ್ಟ ಮನೆಯ ಸುದ್ದಿ ಇಷ್ಟೇ. ಹೆಂಡತಿ ಮಕ್ಕಳ ಹೆಸರಿಲ್ಲ, ಯಾರು ಮೊದಲು ಹೋದರು ಎಂದಿಲ್ಲ. ಅಷ್ಟು ಜನ ಕಣ್ಣೆದುರೇ ಹೋಗುವಾಗ ಏನೂ ಮಾಡಲಾಗದೆ ನಿಂತ ನೋವಿನಿಂದಲೇ ಹಳೆಯ ವೈದ್ಯ ಗ್ರಂಥಗಳನ್ನು ಹುಡುಕಿ ಓದಿದೆ, ಬರೆಯಲು ಕೂತೆ ಎಂದು ಮಾತ್ರ ಹೇಳುತ್ತಾನೆ.

ಅವನೇ ಜಾಂಗ್ ಜೋಂಗ್‌ಜಿಂಗ್. ಚೀನೀ ವೈದ್ಯ ಪದ್ಧತಿಯವರು ಅವನನ್ನು ವೈದ್ಯಕುಲದ ಸಂತ ಎಂದು ಪೂಜಿಸುತ್ತಾರೆ. ನೆಗಡಿಗೆ ಆ ಪದ್ಧತಿಯಲ್ಲಿ ಇವತ್ತಿಗೂ ಬರೆದುಕೊಡುವ ಕಷಾಯಗಳಲ್ಲಿ ಮುಖ್ಯವಾದ ಕೆಲವು ಅವನ ಪುಸ್ತಕದಿಂದಲೇ ಬಂದಿವೆ.

ಇಷ್ಟು ದೊಡ್ಡ ಹೆಸರಿನವನಾದರೂ ಆ ಕಾಲದ ಅಧಿಕೃತ ಚರಿತ್ರೆಗಳಲ್ಲಿ ಅವನ ಜೀವನಕಥೆಗೆ ಒಂದು ಪುಟವನ್ನೂ ಕೊಟ್ಟಿಲ್ಲ. ಅದೇ ಕಾಲದ ಶಸ್ತ್ರವೈದ್ಯ ಹುವಾ ತುವೋನ ಬಗ್ಗೆ ಪುಟಗಟ್ಟಲೆ ಬರೆದವರು ಇವನನ್ನು ಬಿಟ್ಟೇಬಿಟ್ಟಿದ್ದಾರೆ. ಹೀಗಾಗಿ ಹುಟ್ಟಿದ್ದು ಸುಮಾರು 150ರಲ್ಲಿ, ತೀರಿಕೊಂಡದ್ದು ಸುಮಾರು 219ರಲ್ಲಿ ಎಂಬುದೆಲ್ಲ ವಿದ್ವಾಂಸರ ಅಂದಾಜು. ಈಗಿನ ಹೆನಾನ್ ಪ್ರಾಂತದ ನಾನ್‌ಯಾಂಗ್ ಸೀಮೆ ಅವನ ಊರು. ಜಾಂಗ್ ಜಿ ಎಂಬುದು ಇಟ್ಟ ಹೆಸರು, ಜೋಂಗ್‌ಜಿಂಗ್ ಎಂಬುದು ದೊಡ್ಡವನಾದ ಮೇಲೆ ಗೌರವದಿಂದ ಕರೆಯುತ್ತಿದ್ದ ಹೆಸರು. ವೈದ್ಯ ಕಲಿತದ್ದು ಊರಿನವನೇ ಆದ ಜಾಂಗ್ ಬೋತ್ಸು ಎಂಬವನ ಹತ್ತಿರ. ಹುಡುಗನಾಗಿದ್ದಾಗಲೇ ಹೆ ಯೊಂಗ್ ಎಂಬ ಹಿರಿಯ ಇವನನ್ನು ನೋಡಿ, ಯೋಚನೆ ಸೂಕ್ಷ್ಮವಾಗಿದೆ, ಅಧಿಕಾರಿಯಾಗುವ ಗತ್ತಿಲ್ಲ, ಮುಂದೆ ಒಳ್ಳೆಯ ವೈದ್ಯನಾಗುತ್ತಾನೆ ಎಂದಿದ್ದನಂತೆ.

ಇನ್ನೊಂದು ಕಥೆ ಕವಿ ವಾಂಗ್ ತ್ಸಾನ್‌ನದು. ಇಪ್ಪತ್ತರ ಹರೆಯದ ಆ ಕವಿಯನ್ನು ನೋಡಿದ ಜೋಂಗ್‌ಜಿಂಗ್, ಮೈಯಲ್ಲಿ ರೋಗವಿದೆ, ನಲವತ್ತಕ್ಕೆ ಹುಬ್ಬು ಉದುರುತ್ತದೆ, ಅದಾಗಿ ಆರು ತಿಂಗಳಿಗೆ ಸಾವು, ಈಗಲೇ ಮದ್ದು ತೆಗೆದುಕೋ ಎಂದನಂತೆ. ಆರೋಗ್ಯವಾಗಿದ್ದ ಹುಡುಗನಿಗೆ ಈ ಮಾತು ಹಿಡಿಸಲಿಲ್ಲ. ಮತ್ತೆ ಸಿಕ್ಕಾಗ ಮದ್ದು ಕುಡಿದೆ ಎಂದು ಸುಳ್ಳು ಹೇಳಿದ. ಮುಖ ನೋಡಿಯೇ ವೈದ್ಯನಿಗೆ ಗೊತ್ತಾಯಿತು. ಇಪ್ಪತ್ತು ವರ್ಷದ ಮೇಲೆ ಎಲ್ಲವೂ ಹೇಳಿದ ಹಾಗೆಯೇ ಆಯಿತು ಎಂದು ಮುಂದಿನ ಶತಮಾನದ ಒಬ್ಬ ವೈದ್ಯ ಬರೆದಿದ್ದಾನೆ. ವಾಂಗ್ ತ್ಸಾನ್ ತೀರಿಕೊಂಡದ್ದು 217ರಲ್ಲಿ, ಚೀನಾದಲ್ಲಿ ದೊಡ್ಡ ಪಿಡುಗು ಹರಡಿದ್ದ ವರ್ಷ. ಕಥೆಯ ನಿಜ ಸುಳ್ಳು ಹೇಗೇ ಇರಲಿ, ಕೊಟ್ಟ ಮದ್ದನ್ನು ಕುಡಿಯದೆ ಕುಡಿದೆ ಎನ್ನುವ ರೋಗಿ ಮಾತ್ರ ಎಲ್ಲ ಮನೆಯಲ್ಲೂ ಇರುವವನೇ.

ಅವನು ಬೆಳೆದ ಕಾಲ ಬಲು ಕೆಟ್ಟದ್ದು. 184ರಲ್ಲಿ ಹಳದಿ ಮುಂಡಾಸಿನವರ ರೈತ ದಂಗೆ ಎದ್ದಿತು. 190ರಲ್ಲಿ ರಾಜಧಾನಿ ಲುವೋಯಾಂಗ್ ಸುಟ್ಟುಹೋಯಿತು. ಆಮೇಲೆ ದಂಡನಾಯಕರ ಕಾದಾಟ ನಾನ್‌ಯಾಂಗ್ ಸೀಮೆಯ ಮೇಲೇ ಹಾದುಹೋಯಿತು. ಸೈನ್ಯ, ಬರಗಾಲ, ಊರು ಬಿಟ್ಟು ಓಡುವ ಜನ, ಅವರ ಬೆನ್ನಿಗೇ ಜ್ವರ. ಶಾಂಗ್‌ಹಾನ್ ಎಂದು ಆಗ ಕರೆಯುತ್ತಿದ್ದ ಕಾಯಿಲೆ, ಎಂದರೆ ಚಳಿಯ ಪೆಟ್ಟು, ನಮ್ಮ ನಿಮ್ಮ ಮಾಮೂಲಿ ನೆಗಡಿ ಒಂದೇ ಅಲ್ಲ. ನೆಗಡಿ, ಫ್ಲೂ, ಇನ್ನೂ ಏನೇನೋ ಜ್ವರಗಳು ಆ ಒಂದು ಹೆಸರಿನಡಿ ಸೇರಿದ್ದವು. ಈಗಿನ ಚೀನೀ ಭಾಷೆಯಲ್ಲಿ ಅದೇ ಪದ ಟೈಫಾಯ್ಡಿಗೆ ನಿಂತಿದೆ. ಎಲ್ಲದರ ಆರಂಭ ಮಾತ್ರ ಒಂದೇ: ತಲೆನೋವು, ಕತ್ತು ಬಿಗಿ, ಮೈ ನಡುಕ. ಅದು ಎರಡು ದಿನದಲ್ಲಿ ಇಳಿಯುತ್ತದೋ, ಆಳಕ್ಕಿಳಿದು ಜೀವ ತೆಗೆಯುತ್ತದೋ ಎಂದು ಮೊದಲ ದಿನ ಹೇಳುವುದು ಹೇಗೆ? ಅವನನ್ನು ಕಾಡಿದ ಪ್ರಶ್ನೆ ಇದೇ.

ಮುನ್ನುಡಿಯಲ್ಲಿ ಅವನ ಸಿಟ್ಟೂ ಇದೆ. ಓದಿದವರು ಹೆಸರು, ಅಧಿಕಾರಗಳ ಹಿಂದೆ ಓಡುತ್ತಾ ಮೈಯನ್ನು ಮರೆಯುತ್ತಾರೆ, ಕಾಯಿಲೆ ಬಿದ್ದ ದಿನ ಹೆದರಿ ಮಾಟಗಾರರ ಕಾಲು ಹಿಡಿಯುತ್ತಾರೆ ಎಂದು ಬೈಯುತ್ತಾನೆ. ವೈದ್ಯರನ್ನೂ ಬಿಡುವುದಿಲ್ಲ. ಮನೆತನದ ಗುಟ್ಟು ಎಂದು ಒಂದೇ ಮದ್ದನ್ನು ಅಪ್ಪನಿಂದ ಮಗನಿಗೆ ದಾಟಿಸುತ್ತಾ, ಎರಡು ಮಾತು ಕೇಳಿ ಮದ್ದು ಬರೆದುಬಿಡುವವರು, ಕೈ ನಾಡಿ ಹಿಡಿದು ಕಾಲಿನ ನಾಡಿ ಮುಟ್ಟದವರು ಎಂದು ಅವರ ಮೇಲೂ ಹರಿಹಾಯುತ್ತಾನೆ. ಸಾವಿರದ ಎಂಟುನೂರು ವರ್ಷ ಹಳೆಯ ದೂರು ಎಂದರೆ ನಂಬುವುದು ಕಷ್ಟ.

ಈಗ ಅವನ ಮದ್ದಿಗೆ ಬರೋಣ. ಜ್ವರದ ನಡೆಯನ್ನು ಅವನು ಆರು ಹಂತಗಳಾಗಿ ಬಿಡಿಸಿದ. ನೆಗಡಿ ಬರುವುದು ಮೊದಲ ಹಂತದಲ್ಲಿ, ರೋಗ ಇನ್ನೂ ಮೈಯ ಹೊರಪದರದಲ್ಲೇ ಇರುವಾಗ. ಆಗ ಅವನು ನೋಡುವುದು ಮುಖ್ಯವಾಗಿ ಒಂದನ್ನು: ರೋಗಿ ಬೆವರುತ್ತಿದ್ದಾನೋ ಇಲ್ಲವೋ?

ಸಣ್ಣಗೆ ಬೆವರುತ್ತಾ, ಗಾಳಿ ಸೋಕಿದರೆ ಮೈ ಜುಮ್ಮೆನ್ನುತ್ತಿದ್ದರೆ ಗುಯ್‌ಜಿ ತಾಂಗ್. ತಾಂಗ್ ಎಂದರೆ ಚೀನೀಯರಲ್ಲಿ ಕಷಾಯವೂ ಹೌದು, ಊಟದ ಸೂಪೂ ಹೌದು. ಇದರಲ್ಲಿರುವುದು ಐದೇ ಸಾಮಾನು. ನಮ್ಮ ದಾಲ್ಚಿನ್ನಿಯ ಬಳಗದ ಮರದ ಎಳೆ ಕಡ್ಡಿ, ಪಿಯೋನಿ ಎಂಬ ಹೂಗಿಡದ ಬೇರು, ಹಸಿ ಶುಂಠಿ ಮೂರೂ ಸಮಭಾಗ. ಹುರಿದ ಜ್ಯೇಷ್ಠಮಧು ಅದಕ್ಕಿಂತ ಸ್ವಲ್ಪ ಕಡಿಮೆ. ಜೊತೆಗೆ ನಮ್ಮ ಬೋರೆಹಣ್ಣಿನ ಜಾತಿಯ ಕೆಂಪು ಹಣ್ಣು ಹನ್ನೆರಡು. ಏಳು ಅಳತೆ ನೀರು ಮೂರಕ್ಕೆ ಇಳಿಯುವ ತನಕ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ, ಒಂದು ಅಳತೆ ಬಿಸಿಯಾಗಿ ಕುಡಿಸಬೇಕು. ಆ ಕಾಲದ ಒಂದು ಅಳತೆ ಸುಮಾರು 200 ಮಿಲಿ ಲೀಟರ್.

ನನಗೆ ಹೆಚ್ಚು ಇಷ್ಟವಾದದ್ದು ಈ ಪಟ್ಟಿಗಿಂತ ಅದರ ಕೆಳಗೆ ಅವನು ಬರೆದ ಸೂಚನೆ. ಕಷಾಯ ಕುಡಿದ ಸ್ವಲ್ಪ ಹೊತ್ತಿಗೆ ಬಿಸಿ ಬಿಸಿ ತೆಳು ಗಂಜಿ ಕುಡಿಸಿ, ಅದು ಮದ್ದಿಗೆ ಬಲ ಕೊಡುತ್ತದೆ. ಸುಮಾರು ಎರಡು ಗಂಟೆ ಬೆಚ್ಚಗೆ ಹೊದಿಸಿ ಮಲಗಿಸಿ. ಮೈಯೆಲ್ಲ ಸಣ್ಣಗೆ ತೇವವಾಗುವಷ್ಟು ಬೆವರಲಿ, ನೀರು ಸುರಿದ ಹಾಗೆ ಬೆವರಿದರೆ ರೋಗ ಹೋಗುವುದಿಲ್ಲ. ಒಂದು ಸಲಕ್ಕೇ ಗುಣವಾದರೆ ಉಳಿದ ಕಷಾಯ ಕುಡಿಸಬೇಡಿ, ಮಾಡಿದ್ದು ಮಿಕ್ಕರೂ ಸರಿ. ಬೆವರದಿದ್ದರೆ ಮಾತ್ರ ಇನ್ನೊಂದು ಸಲ. ರೋಗ ಜೋರಾಗಿದ್ದರೆ ಹಗಲೂ ರಾತ್ರಿ ಕಾದು ನೋಡಿ. ತಣ್ಣಗಿನದು, ಹಸಿ, ಜಿಡ್ಡು, ಮಾಂಸ, ಮದ್ಯ, ಹಾಲು ಮೊಸರು ಬೇಡ. ಜ್ವರದವರಿಗೆ ಗಂಜಿ ಕಾಯಿಸಿ, ಕಂಬಳಿ ಹೊದಿಸಿ, ಹಣೆ ಮುಟ್ಟಿ ನೋಡುವ ಕೆಲಸ ಮಾಡಿದ ಯಾವ ಹೆಂಗಸಿಗೂ ಈ ಸಾಲುಗಳು ಪರಕೀಯ ಅನ್ನಿಸಲಾರವು. ಇದನ್ನು ಬರೆದವನು ರೋಗಿಯ ಹಾಸಿಗೆಯ ಪಕ್ಕ ರಾತ್ರಿಯೆಲ್ಲ ಕೂತವನೇ ಇರಬೇಕು.

ಬೆವರೇ ಇಲ್ಲ, ಮೈಕೈ ನೋವು, ಮೇಲುಸಿರು ಇದ್ದರೆ ಬೇರೆ ಕಷಾಯ, ಮಾಹುವಾಂಗ್ ತಾಂಗ್. ಮಾಹುವಾಂಗ್ ಎಂದರೆ ಎಲೆಯೇ ಇಲ್ಲವೇನೋ ಎನ್ನುವಂತೆ ಹಸಿರು ಕಡ್ಡಿಯಾಗಿ ಬೆಳೆಯುವ ಎಫಿಡ್ರ ಗಿಡ. ಅದರ ಜೊತೆ ದಾಲ್ಚಿನ್ನಿ ಕಡ್ಡಿ, ಜರ್ದಾಳುವಿನ ಬೀಜದ ತಿರುಳು, ಜ್ಯೇಷ್ಠಮಧು. ಇದು ಖಡಕ್ ಮದ್ದು, ಬೆವರಿಸಲು ಗಂಜಿಯ ನೆರವೂ ಬೇಡ ಎಂದಿದ್ದಾನೆ. ಕತ್ತು ಬೆನ್ನು ಹಲಗೆಯ ಹಾಗೆ ಬಿಗಿದಿದ್ದರೆ ಕುಡ್ಜು ಬಳ್ಳಿಯ ಗೆಡ್ಡೆ ಸೇರಿಸಿದ ಗೆಗೆನ್ ತಾಂಗ್. ಗಂಟಲು ಒಣಗಿದವರಿಗೆ, ಮೂಗಿನಲ್ಲಿ ಪದೇ ಪದೇ ರಕ್ತ ಬರುವವರಿಗೆ ಬೆವರಿಸುವ ಮದ್ದು ಕೊಡಲೇಬಾರದು ಎಂಬ ಎಚ್ಚರಿಕೆಯೂ ಇದೆ. ಒಂದೇ ನೆಗಡಿ, ಇಬ್ಬರು ರೋಗಿಗಳು, ಎರಡು ಮದ್ದು. ಒಬ್ಬನದನ್ನು ಇನ್ನೊಬ್ಬನಿಗೆ ಕೊಟ್ಟರೆ ಅಪಾಯ.

ಬಾಣಂತಿಯರ ವಿಷಯದಲ್ಲೂ ಅವನ ಕಣ್ಣು ಸೂಕ್ಷ್ಮ. ಹೆರಿಗೆಯಲ್ಲಿ ರಕ್ತ ಹೋಗಿ, ಬೆವರು ಹೆಚ್ಚಾಗಿ, ಗಾಳಿ ಬೇಗ ತಾಗುತ್ತದೆ ಎನ್ನುತ್ತಾನೆ. ಹೆರಿಗೆಯಾಗಿ ಎಷ್ಟೋ ದಿನ ಕಳೆದರೂ ಸಣ್ಣ ತಲೆನೋವು, ಚಳಿ, ಬಂದು ಹೋಗುವ ಜ್ವರ ಬಿಡದಿದ್ದರೆ, ದಿನ ಎಷ್ಟಾಯಿತು ಎಂದು ನೋಡಬೇಡಿ, ಲಕ್ಷಣ ನೋಡಿ ಎಂದು ಗುಯ್‌ಜಿ ಕಷಾಯದ ಬಳಗದ್ದೇ ಒಂದು ಮದ್ದು ಹೇಳುತ್ತಾನೆ. ಕಾರಣವಿಲ್ಲದೆ ಅಳು ಬರುವ, ದೆವ್ವ ಮೆಟ್ಟಿದಂತೆ ಕಾಣುವ, ಆಕಳಿಸುತ್ತಲೇ ಇರುವ ಹೆಂಗಸಿಗೆ ಗೋಧಿ, ಜ್ಯೇಷ್ಠಮಧು, ಕೆಂಪು ಬೋರೆಹಣ್ಣಿನ ಕಷಾಯ ಬರೆದಿದ್ದಾನೆ. ಮಾಟಗಾರರನ್ನು ಕರೆಸುತ್ತಿದ್ದ ಕಾಲದಲ್ಲಿ ಅದನ್ನೊಂದು ಕಾಯಿಲೆ ಎಂದು ಕಂಡದ್ದು ಸಣ್ಣ ಮಾತಲ್ಲ.

ಅವನು ಚಾಂಗ್‌ಶಾ ಪಟ್ಟಣದ ಆಡಳಿತಾಧಿಕಾರಿಯಾಗಿದ್ದ, ತಿಂಗಳಲ್ಲಿ ಎರಡು ದಿನ, ಪಾಡ್ಯಕ್ಕೂ ಹುಣ್ಣಿಮೆಗೂ, ಕಚೇರಿಯ ಬಾಗಿಲು ತೆರೆದಿಟ್ಟು ಅಲ್ಲೇ ಕೂತು ಬಡವರಿಗೆ ಮದ್ದು ಕೊಡುತ್ತಿದ್ದ ಎಂದು ಜನ ಹೇಳುತ್ತಾರೆ. ಚರಿತ್ರಕಾರರಿಗೆ ಇದರ ಬಗ್ಗೆ ಅನುಮಾನವಿದೆ. ಆದರೆ ಔಷಧಿ ಅಂಗಡಿಯಲ್ಲಿ ಕೂತು ರೋಗಿಗಳನ್ನು ನೋಡುವ ವೈದ್ಯನಿಗೆ ಚೀನಾದಲ್ಲಿ ಈಗಲೂ ಇರುವ ಹೆಸರು, ಸಭಾಂಗಣದಲ್ಲಿ ಕೂತ ವೈದ್ಯ ಎಂಬುದು, ಈ ಕಥೆಯಿಂದಲೇ ಬಂತೆನ್ನುತ್ತಾರೆ. ಅಧಿಕಾರ ಬಿಟ್ಟು ಊರಿಗೆ ಮರಳುವಾಗ ಹೊಳೆಯ ದಂಡೆಯಲ್ಲಿ ಚಳಿಗೆ ಕಿವಿ ಸೆಟೆದು ಹುಣ್ಣಾದ ಬಡವರನ್ನು ಕಂಡು, ಕುರಿ ಮಾಂಸ, ಮೆಣಸಿನಕಾಯಿ, ಮೂಲಿಕೆ ಬೇಯಿಸಿ, ಕೊಚ್ಚಿ, ಹಿಟ್ಟಿನ ಹಾಳೆಯಲ್ಲಿ ಕಿವಿಯಾಕಾರಕ್ಕೆ ಮಡಿಚಿ, ಸಾರಿನ ಜೊತೆ ಹಂಚಿದನಂತೆ. ಚಳಿಗಾಲದ ದೀರ್ಘ ರಾತ್ರಿಯ ದಿನ ಉತ್ತರ ಚೀನಾದವರು ಜಿಯಾವ್‌ತ್ಸ ತಿನ್ನುವುದು ಆ ನೆನಪಿಗೆ. ನಮ್ಮ ಕರ್ಜಿಕಾಯಿಯ ಮಡಿಕೆ ನೆನಪಿಸುವ ಈ ತಿಂಡಿಯ ಕಥೆ ಸೊಗಸಾಗಿದೆ, ಆದರೆ ಮೆಣಸಿನಕಾಯಿ ಅಮೆರಿಕದಿಂದ ಏಷ್ಯಾಕ್ಕೆ ಬಂದದ್ದು ಅವನು ಸತ್ತು ಸಾವಿರದ ಮುನ್ನೂರು ವರ್ಷದ ಮೇಲೆ. ಕಥೆ ಹೇಳಿದ ಅಜ್ಜಿಯರು ತಮ್ಮ ಅಡುಗೆಮನೆಯ ಡಬ್ಬಿಯಿಂದ ಒಂದಷ್ಟು ಖಾರ ಸೇರಿಸಿದ್ದಾರೆ.

ಅವನು ತೀರಿಕೊಂಡ ಮೇಲೆ ಯುದ್ಧದಲ್ಲಿ ಪುಸ್ತಕ ಚೆದುರಿಹೋಯಿತು. ಕೆಲವು ದಶಕಗಳಾದ ಮೇಲೆ ರಾಜವೈದ್ಯ ವಾಂಗ್ ಶುಹೆ ಸಿಕ್ಕಷ್ಟನ್ನು ಕೂಡಿಸಿ ಜೋಡಿಸಿದ. ಅವನಿಲ್ಲದಿದ್ದರೆ ಜೋಂಗ್‌ಜಿಂಗ್‌ನ ಪುಸ್ತಕ ನಮಗೆ ತಲುಪುವುದು ಕಷ್ಟವಿತ್ತು. 1065ರಲ್ಲಿ ಸೋಂಗ್ ಸರಕಾರದ ಕಚೇರಿ ಜ್ವರದ ಭಾಗವನ್ನು ಪರಿಷ್ಕರಿಸಿ ಅಚ್ಚು ಹಾಕಿಸಿತು. ಹೆಂಗಸರ ಅಧ್ಯಾಯಗಳಿರುವ ಇನ್ನೊಂದು ಭಾಗ ಅದೇ ಶತಮಾನದಲ್ಲಿ ಅರಮನೆಯ ಪುಸ್ತಕ ಭಂಡಾರದಲ್ಲಿ, ಹುಳು ತಿಂದ ಹಳೆಯ ಹೊತ್ತಿಗೆಗಳ ನಡುವೆ, ವಾಂಗ್ ಜು ಎಂಬ ವಿದ್ವಾಂಸನ ಕೈಗೆ ಸಿಕ್ಕಿತು.

ಮುಂದಿನವರು ಎಲ್ಲವನ್ನೂ ಒಪ್ಪಲಿಲ್ಲ. ಬಿಸಿಲು ಸೀಮೆಯ ದಕ್ಷಿಣ ಚೀನಾದ ವೈದ್ಯರು, ಗಂಟಲು ಕೆಂಪಾಗಿ ಉರಿಯುತ್ತಾ ಬರುವ ಜ್ವರಕ್ಕೆ ದಾಲ್ಚಿನ್ನಿ ಶುಂಠಿ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದ ಹಾಗೆ ಎಂದರು. 1798ರ ಹೊತ್ತಿಗೆ ವು ಜುತೋಂಗ್ ಬರೆದ ಪುಸ್ತಕದ ಯಿನ್‌ಚಿಯಾವ್ ಪುಡಿ, ಹನಿಸಕಲ್ ಹೂವು ಮತ್ತು ಫಾರ್ಸಿಥಿಯ ಕಾಯಿಯದು, ಆ ದಾರಿಯ ಮದ್ದು. ಇವತ್ತು ಚೀನೀ ವೈದ್ಯರು ನೆಗಡಿಯನ್ನು ಶೀತದ್ದು, ಉಷ್ಣದ್ದು ಎಂದು ಎರಡಾಗಿ ನೋಡುವುದು ಈ ಹಳೆಯ ಜಗಳದ ಫಲ.

ಆಧುನಿಕ ವಿಜ್ಞಾನದ ಪ್ರಕಾರ ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು, ಮದ್ದಿಲ್ಲದೆಯೂ ಹೆಚ್ಚಿನ ನೆಗಡಿ ಏಳು ಹತ್ತು ದಿನಕ್ಕೆ ಇಳಿಯುತ್ತದೆ. ಹಾಗಾಗಿ ಗುಣವಾದದ್ದು ಕಷಾಯದಿಂದಲೋ ದಿನ ಕಳೆದದ್ದರಿಂದಲೋ ಹೇಳುವುದು ಸುಲಭವಲ್ಲ. ಆದರೆ ಅವನ ಮಾಹುವಾಂಗ್ ಬರೀ ನಂಬಿಕೆಯಲ್ಲ. 1885ರಲ್ಲಿ ಜಪಾನಿನ ನಾಗಾಯ್ ನಾಗಾಯೋಶಿ ಅದರಿಂದ ಎಫಿಡ್ರಿನ್ ಬೇರ್ಪಡಿಸಿದ. 1924ರಲ್ಲಿ ಪೀಕಿಂಗ್‌ನಲ್ಲಿ ಕೆ.ಕೆ. ಚೆನ್ ಮತ್ತು ಕಾರ್ಲ್ ಷ್ಮಿಟ್ ಅದರ ಗುಣವನ್ನು ಜಗತ್ತಿಗೆ ತಿಳಿಸಿದ ಮೇಲೆ ಅದು ಅಸ್ತಮಾದ ಮದ್ದಾಯಿತು. ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫಿಡ್ರಿನ್ ಕೂಡ ಈ ಗಿಡದಲ್ಲಿದೆ. ಅದೇ ಗಿಡವನ್ನು ತೂಕ ಇಳಿಸುವ ಮಾತ್ರೆ ಮಾಡಿ ಮಾರಿದಾಗ ಹೃದಯಕ್ಕೆ ಪೆಟ್ಟು ಬಿದ್ದು ಸಾವುಗಳೂ ಆಗಿ, 2004ರಲ್ಲಿ ಅಮೆರಿಕ ಅಂಥ ಪೂರಕಗಳನ್ನು ನಿಷೇಧಿಸಿತು. ರಕ್ತದೊತ್ತಡ ಇದ್ದವರು, ಬಸುರಿಯರು ಇದರ ತಂಟೆಗೇ ಹೋಗಬಾರದು. ಜ್ಯೇಷ್ಠಮಧು ಕೂಡ ಹೆಚ್ಚಾದರೆ ಒತ್ತಡ ಏರಿಸುತ್ತದೆ, ಮನೆಯಲ್ಲಿ ದಿನವೂ ಕಷಾಯಕ್ಕೆ ಹಾಕುವವರು ಗಮನಿಸಬೇಕು.

ಗೆಗೆನ್ ತಾಂಗ್ ಜಪಾನಿಗೆ ಹೋಗಿ ಕಕ್ಕೊಂತೊ ಆಗಿದೆ. ಅಲ್ಲಿನ ಔಷಧಿ ಅಂಗಡಿಗಳಲ್ಲಿ ನೆಗಡಿಯ ಮೊದಲ ದಿನಕ್ಕೆಂದು ಪುಡಿಯ ಪೊಟ್ಟಣವಾಗಿ ಸಿಗುತ್ತದೆ. ಅಲ್ಲಿನ ಹಳೆಯ ಹಾಸ್ಯಕಥನಗಳಲ್ಲಿ ಒಬ್ಬ ಕಕ್ಕೊಂತೊ ವೈದ್ಯ ಬರುತ್ತಾನೆ. ತಲೆನೋವು ಎಂದವನಿಗೂ ಕಕ್ಕೊಂತೊ, ಹೊಟ್ಟೆನೋವು ಎಂದವನಿಗೂ ಕಕ್ಕೊಂತೊ. ಕೊನೆಗೆ ರೋಗಿಯ ಜೊತೆ ಸುಮ್ಮನೆ ಬಂದು ಕೂತವನನ್ನೂ ನೋಡಿ, ಕಾದು ಬೇಸರವಾಗಿರಬೇಕು ಎಂದು ಅವನಿಗೂ ಒಂದು ಲೋಟ ಕಕ್ಕೊಂತೊ ಕೊಡುತ್ತಾನೆ.