ಮೌತ್ ಆರ್ಗನ್ನಿನ ಡಿಫೋರ್ಡ್ ಬೈಲಿ

ಅಮೆರಿಕದ 'ಕಂಟ್ರಿ' ಸಂಗೀತವನ್ನು ಬಿಳಿಯರ ಸೊತ್ತೆಂದು ಬಗೆಯುವುದು ರೂಢಿ. ಆದರೆ ಆ ಸಂಗೀತದ ಅತಿ ಪ್ರಸಿದ್ಧ ಬಾನುಲಿ ಸಭೆಯಾದ 'ಗ್ರ್ಯಾಂಡ್ ಓಲ್ ಆಪ್ರಿ'ಗೆ ಹೆಸರು ಬಿದ್ದ ಇರುಳು ಮೊದಲು ನುಡಿಸಿದವನು ಒಬ್ಬ ಕರಿಯ ಕಲಾವಿದ.

ಡಿಫೋರ್ಡ್ ಬೈಲಿ ಹುಟ್ಟಿದ್ದು 1899ರ ಡಿಸೆಂಬರ್ 14ರಂದು, ಟೆನೆಸೀ ಸಂಸ್ಥಾನದ ಸ್ಮಿತ್ ಕೌಂಟಿಯಲ್ಲಿ. ತಾಯಿ ಬಲು ಬೇಗ ತೀರಿಕೊಂಡಳು, ಸಾಕಿದವಳು ಸೋದರತ್ತೆ. ಅಜ್ಜ ಪಿಟೀಲಿನಲ್ಲಿ ಹೆಸರಾದವನು. ಮೂರನೆಯ ವಯಸ್ಸಿನಲ್ಲಿ ಪೋಲಿಯೋ ತಗುಲಿ ಹುಡುಗ ಸುಮಾರು ಒಂದು ವರ್ಷ ಹಾಸಿಗೆ ಹಿಡಿದ. ಆಗ ಅವನಿಗೆ ಒದಗಿದ ಸಂಗಾತಿ ಮೌತ್ ಆರ್ಗನ್. ಬೇಟೆನಾಯಿಗಳ ಬೊಗಳು, ದೂರದ ರೈಲಿನ ಕೂಗು, ಕಿವಿಗೆ ಬಿದ್ದುದನ್ನೆಲ್ಲ ಅದರಲ್ಲಿ ನುಡಿಸಲು ಕಲಿತ. ಬೆನ್ನು ಕೊಂಚ ಬಾಗಿತು. ಎತ್ತರ ಐದಡಿ ಮುಟ್ಟಲಿಲ್ಲ.

1926ರಲ್ಲಿ ಈತ ನ್ಯಾಶ್‌ವಿಲ್ಲಿನ ಡಬ್ಲ್ಯು.ಎಸ್.ಎಂ. ಬಾನುಲಿಯ ಶನಿವಾರದ ಕೂಟವನ್ನು ಸೇರಿದ. ಮರುವರ್ಷ ಡಿಸೆಂಬರಿನ ಒಂದು ರಾತ್ರಿ, ಅದಕ್ಕೆ ಮುಂಚಿನ ಶಾಸ್ತ್ರೀಯ ಕಾರ್ಯಕ್ರಮದಲ್ಲಿ ವಾಲ್ಟರ್ ಡಾಮ್ರಾಷ್ ರೈಲುಬಂಡಿಯನ್ನು ಅನುಕರಿಸುವ ಒಂದು ಕೃತಿಯನ್ನು ನುಡಿಸಿ ಮುಗಿಸಿದ್ದ. ಕೂಟದ ನಿರ್ವಾಹಕ ಜಾರ್ಜ್ ಹೇ ಕೂಡಲೇ ಬೈಲಿಯನ್ನು ಕರೆದ. ಬೈಲಿ 'ಪ್ಯಾನ್ ಅಮೆರಿಕನ್ ಬ್ಲೂಸ್' ನುಡಿಸಿದ. ಬರಿಯ ಉಸಿರಿನಿಂದ ಎಂಜಿನ್ನು ಹೊರಟು, ವೇಗವೇರಿ, ಸಿಳ್ಳೆ ಹಾಕಿತು. ಇದುವರೆಗೆ ಕೇಳಿದ್ದು ಗ್ರ್ಯಾಂಡ್ ಆಪೆರಾ, ಇನ್ನು ಕೇಳುವುದು ಗ್ರ್ಯಾಂಡ್ ಓಲ್ ಆಪ್ರಿ ಎಂದು ಹೇ ವಿನೋದವಾಗಿ ಸಾರಿದ. ಹೆಸರು ನಿಂತಿತು.

1928ರ 52 ಶನಿವಾರಗಳ ಪೈಕಿ 49ರಲ್ಲಿ ಬೈಲಿ ನುಡಿಸಿದ. ಮಿಕ್ಕ ಯಾವ ಕಲಾವಿದನೂ ಅಷ್ಟು ಬಾರಿ ಬರಲಿಲ್ಲ. ರಾಯ್ ಅಕಫ್, ಬಿಲ್ ಮನ್ರೋ ಮುಂತಾದ ಹೊಸಬರು ಊರೂರಿಗೆ ಹೊರಟಾಗ ಜನ ಸೇರಿಸಲು ಈತನನ್ನು ಕರೆದೊಯ್ಯುತ್ತಿದ್ದರು. ಸಭೆಯಲ್ಲಿ ಚಪ್ಪಾಳೆ ತಟ್ಟಿದ ಊರಿನಲ್ಲೇ ಮಲಗಲು ಹೋಟೆಲು, ಉಣ್ಣಲು ಮೇಜು ಇವನಿಗೆ ದೊರೆಯುತ್ತಿರಲಿಲ್ಲ. ಬಾನುಲಿಗೆ ಬಣ್ಣವಿಲ್ಲ, ಎಷ್ಟೋ ಶ್ರೋತೃಗಳಿಗೆ ಈತ ಕರಿಯನೆಂಬುದೇ ತಿಳಿದಿರಲಿಲ್ಲ.

1941ರಲ್ಲಿ ಆಪ್ರಿ ಬೈಲಿಯನ್ನು ತೆಗೆದುಹಾಕಿತು. ಹೊಸ ಮಟ್ಟು ಕಲಿಯಲಾರದ ಸೋಮಾರಿ ಎಂದು ಹೇ ಮುಂದೆ ಬರೆದ. ಈ ಮಾತನ್ನು ನಾನು ಒಪ್ಪಲಾರೆ. ಆ ವರ್ಷ ಹಕ್ಕುಶುಲ್ಕದ ವ್ಯಾಜ್ಯದಿಂದಾಗಿ 'ಆಸ್ಕ್ಯಾಪ್' ಸಂಸ್ಥೆಗೆ ಸೇರಿದ ಕೃತಿಗಳನ್ನು ಬಾನುಲಿ ಕೇಂದ್ರಗಳು ಬಹಿಷ್ಕರಿಸಿದ್ದವು. ಬೈಲಿಯ ಹೆಸರಾಂತ ಮಟ್ಟುಗಳು ಆ ಪಟ್ಟಿಗೇ ಸೇರಿದ್ದವು. ಹದಿನೈದು ವರ್ಷ ಜನ ಯಾವುದನ್ನು ಬೇಡಿ ಕೇಳಿದರೋ ಅದನ್ನು ನುಡಿಸಕೂಡದೆಂದು ತಡೆದು, ಬೇರೆಯದು ಬಾರದೆಂದು ದೂಷಿಸುವುದು ಯಾವ ನ್ಯಾಯ?

ಬೈಲಿ ನ್ಯಾಶ್‌ವಿಲ್ಲಿನಲ್ಲೇ ಉಳಿದು, ಬೂಟು ಪಾಲಿಶ್ ಮಾಡುವ ಅಂಗಡಿ ನಡೆಸಿ ದಶಕಗಳ ಕಾಲ ಸಂಸಾರ ಸಾಕಿದ. ನುಡಿಸುವುದನ್ನು ಬಿಡಲಿಲ್ಲ, ಆದರೆ ಸಭೆಗೆ ಕರೆದವರಿಗೆ ಸುಲಭವಾಗಿ ಒಲಿಯಲೂ ಇಲ್ಲ. 1974ರಲ್ಲಿ, ತನ್ನ ಎಪ್ಪತ್ತೈದನೆಯ ಹುಟ್ಟುಹಬ್ಬದಂದು, ಆಪ್ರಿಯ ವೇದಿಕೆಯ ಮೇಲೆ ಮತ್ತೆ ನುಡಿಸಿದ. 1982ರ ಜುಲೈ 2ರಂದು ತೀರಿಕೊಂಡ. ಕಂಟ್ರಿ ಸಂಗೀತದ ಕೀರ್ತಿಮಂದಿರಕ್ಕೆ ಅವನ ಹೆಸರು ಸೇರಿದ್ದು 2005ರಲ್ಲಿ. ಅವನೊಡನೆ ಊರೂರು ಸುತ್ತಿದ ಅಕಫ್ 1962ರಲ್ಲೇ ಅಲ್ಲಿ ಸೇರಿದ್ದ.