ಅಕ್ಷರವಂಚಿತರಿಗೆ ಶಾಲೆ ಕಟ್ಟಿದ ಕುದ್ಮುಲ್ ರಂಗರಾಯರು

ಮಂಗಳೂರಿನ ಪುರಭವನವು ಕುದ್ಮುಲ್ ರಂಗರಾವ್ ಅವರ ಹೆಸರನ್ನು ಹೊತ್ತು ನಿಂತಿದೆ. ನಾಟಕ, ಸಭೆ, ಸಮಾರಂಭಗಳಿಗೆಂದು ಅಲ್ಲಿಗೆ ಬಂದುಹೋಗುವವರೆಲ್ಲರಿಗೂ ಆ ಹೆಸರು ಪರಿಚಿತವೇ. ಆದರೆ ಆ ಹೆಸರಿನ ಹಿಂದೆ, ಎಲ್ಲ ಮಕ್ಕಳೂ ಶಾಲೆಯೊಳಗೆ ಕುಳಿತು ಕಲಿಯಬೇಕೆಂಬ ಒಂದೇ ಹಂಬಲಕ್ಕೆ ತೆತ್ತುಕೊಂಡ ಒಂದು ಬಾಳಿದೆ.

ರಂಗರಾಯರು 1859ರ ಜೂನ್ 29ರಂದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಹದಿಹರೆಯದಲ್ಲಿಯೇ ಉದ್ಯೋಗವನ್ನರಸಿ ಮಂಗಳೂರಿಗೆ ಬಂದು, ಶಿಕ್ಷಕರಾಗಿ ದುಡಿದು, ಮುಂದೆ ಕಾನೂನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವಕೀಲರಾದರು. ಬಡವರ ಪರವಾಗಿ ವಾದಿಸುವ ವಕೀಲರೆಂದು ಹೆಸರಾದರು. 1870ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ್ದ ಬ್ರಹ್ಮಸಮಾಜದ ವಿಚಾರಗಳು ಅವರನ್ನು ಆಕರ್ಷಿಸಿದವು. ಜಾತಿಭೇದವನ್ನು ಒಪ್ಪದ ಆ ಸಮಾಜದ ಸಂಪರ್ಕವು ಅವರ ಬದುಕಿನ ದಿಕ್ಕನ್ನೇ ಬದಲಿಸಿತು.

ಆ ಕಾಲದ ಸ್ಥಿತಿಯನ್ನು ನೆನೆಯದೆ ರಂಗರಾಯರ ಕಾರ್ಯದ ಮಹತ್ವ ತಿಳಿಯದು. ಅವರು ಹುಟ್ಟುವುದಕ್ಕೆ ಮೂರು ವರ್ಷಗಳ ಮೊದಲು, 1856ರಲ್ಲಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಮಹಾರ್ ಜಾತಿಯ ಬಾಲಕನೊಬ್ಬ ಸರಕಾರಿ ಶಾಲೆಗೆ ಸೇರಲು ಅರ್ಜಿ ಸಲ್ಲಿಸಿದ್ದನು. ಉಳಿದವರ ವಿರೋಧಕ್ಕೆ ಮಣಿದ ಸರಕಾರ ಅವನಿಗೆ ಪ್ರವೇಶ ನೀಡಲಿಲ್ಲ. ಮುಂದೆ ಸರಕಾರದ ವೆಚ್ಚದಲ್ಲಿ ನಡೆಯುವ ಶಾಲೆಗಳು ಎಲ್ಲರಿಗೂ ತೆರೆದಿವೆಯೆಂದು ಘೋಷಣೆಯಾಯಿತಾದರೂ, ಕಾಗದದ ಮೇಲೆ ತೆರೆದ ಬಾಗಿಲು ಊರಿನಲ್ಲಿ ಮುಚ್ಚಿಯೇ ಇತ್ತು. ಮದರಾಸು ಪ್ರಾಂತದಲ್ಲಿದ್ದ ಕರಾವಳಿಯ ಪರಿಸ್ಥಿತಿಯೂ ಭಿನ್ನವಾಗಿರಲಿಲ್ಲ. ಇಲ್ಲಿನ ದಲಿತರಲ್ಲಿ ಅನೇಕರು ತಲೆಮಾರುಗಳಿಂದ ಒಡೆಯರ ಮನೆಯ ಮೂಲದಾಳುಗಳಾಗಿ ದುಡಿಯುತ್ತಿದ್ದರು. ಅವರ ಮಕ್ಕಳ ಪಾಲಿಗೆ ದನ ಕಾಯುವುದೇ ವಿದ್ಯೆಯಾಗಿತ್ತು.

ಅಲ್ಪಸ್ವಲ್ಪ ಓದಿದ ದಲಿತ ಯುವಕನೊಬ್ಬನಿಗೆ ನ್ಯಾಯಾಲಯದಲ್ಲಿ ಜವಾನನ ಕೆಲಸ ದೊರೆತಾಗ ಮೇಲ್ಜಾತಿಯವರಿಂದ ತೀವ್ರ ಪ್ರತಿರೋಧ ಬಂದಿತೆಂದೂ, ಆ ಘಟನೆ ರಂಗರಾಯರ ಮನಸ್ಸನ್ನು ಕಲಕಿತೆಂದೂ ಹೇಳಲಾಗುತ್ತದೆ. 1892ರಲ್ಲಿ ಅವರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯೊಂದನ್ನು ಆರಂಭಿಸಿದರು. ಅಂಬೇಡ್ಕರ್ ಅವರು ಆಗಿನ್ನೂ ಒಂದು ವರ್ಷದ ಶಿಶುವಾಗಿದ್ದರು ಎಂಬುದನ್ನು ನೆನೆದರೆ ಈ ಹೆಜ್ಜೆ ಎಷ್ಟು ಮುಂಚಿನದೆಂಬುದು ಮನವರಿಕೆಯಾಗುತ್ತದೆ.

ಶಾಲೆ ತೆರೆದುದು ಸುಲಭದ ಭಾಗವಾಗಿತ್ತು. ಅದನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು. ಸ್ಥಳ ಕೊಡುವವರಿರಲಿಲ್ಲ, ಪಾಠ ಹೇಳಲು ಮೇಲ್ಜಾತಿಯ ಶಿಕ್ಷಕರು ಮುಂದೆ ಬರುತ್ತಿರಲಿಲ್ಲ. ಕ್ರೈಸ್ತ ಶಿಕ್ಷಕರ ನೆರವು ಪಡೆದು ಪಾಠಗಳನ್ನು ಮುಂದುವರಿಸಬೇಕಾಯಿತು. ಸ್ವಜಾತಿ ಬಾಂಧವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಶಾಲೆ ಒಂದೆಡೆಯಿಂದ ಮತ್ತೊಂದೆಡೆಗೆ ಅಲೆದು, ಕೊನೆಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ನೆಲೆ ಕಂಡಿತು.

ಮಕ್ಕಳು ಶಾಲೆಗೆ ಬಾರದಿರುವುದಕ್ಕೆ ಜಾತಿಯೊಂದೇ ಕಾರಣವಲ್ಲ ಎಂಬುದನ್ನು ರಂಗರಾಯರು ಬಹುಬೇಗ ಕಂಡುಕೊಂಡರು. ಮಗು ಶಾಲೆಗೆ ಹೋದರೆ ಮನೆಗೆ ಅದರ ದುಡಿಮೆ ತಪ್ಪುತ್ತದೆ, ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲ. ಆದುದರಿಂದ ಶಾಲೆಗೆ ಬಂದ ಪ್ರತಿ ಮಗುವಿಗೆ ದಿನಕ್ಕೆ ಎರಡು ಪೈಸೆಯಂತೆ ಕೊಡುವ ಪದ್ಧತಿಯನ್ನು ಅವರು ಜಾರಿಗೆ ತಂದರು. ಮಧ್ಯಾಹ್ನದ ಊಟದ ಏರ್ಪಾಡೂ ನಡೆಯಿತು. ಮುಂದಿನ ಶತಮಾನದಲ್ಲಿ ಸರಕಾರಗಳು ಕೈಗೊಂಡ ಬಿಸಿಯೂಟದ ತಿರುಳು ಅಲ್ಲಿಯೇ ಇತ್ತು. ಎಲ್ಲರಿಗೂ ಒಂದೇ ಬಾಗಿಲು ತೆರೆದರೆ ಸಮಾನತೆ ಬಂದಂತಾಗುವುದಿಲ್ಲ, ಬಾಗಿಲವರೆಗೆ ಬರಲಾಗದವನಿಗೆ ದಾರಿಯನ್ನೂ ಮಾಡಿಕೊಡಬೇಕು ಎಂಬುದು ಅವರ ಕಾರ್ಯದಲ್ಲಿ ಎದ್ದು ಕಾಣುವ ತತ್ತ್ವ.

1897ರಲ್ಲಿ ಈ ಪ್ರಯತ್ನಗಳು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯ ರೂಪ ತಾಳಿದವು. ಜನರ ಬಾಯಲ್ಲಿ ಅದು ಡಿ.ಸಿ.ಎಂ. ಆಯಿತು. ಮೂಲ್ಕಿ, ಉಡುಪಿ ಮೊದಲಾದೆಡೆಗಳಲ್ಲಿಯೂ ಶಾಲೆಗಳು ತೆರೆದವು. ಅಕ್ಷರದೊಂದಿಗೆ ನೇಯ್ಗೆ, ಮರಗೆಲಸ ಮುಂತಾದ ವೃತ್ತಿಗಳ ತರಬೇತಿ ದೊರೆಯಿತು. ದೂರದ ಹಳ್ಳಿಗಳಿಂದ ಬಂದವರಿಗೆ ವಿದ್ಯಾರ್ಥಿನಿಲಯವಾಯಿತು. ಭೂಹೀನರಾದ ದಲಿತರಿಗೂ ಕೊರಗರಿಗೂ ಮನೆ, ನಿವೇಶನ ಒದಗಿಸುವ ಯತ್ನವೂ ನಡೆಯಿತು. ಕಲಿತ ಮಗು ಮತ್ತೆ ಒಡೆಯನ ಹಿತ್ತಿಲಿಗೇ ಮರಳಬೇಕಾದರೆ ಕಲಿತು ಫಲವೇನು ಎಂಬ ಪ್ರಶ್ನೆಗೆ ಇವೆಲ್ಲವೂ ಉತ್ತರವಾಗಿದ್ದವು.

ಹೊರಗೆ ಹೇಳಿದುದನ್ನು ರಂಗರಾಯರು ಮನೆಯಲ್ಲಿಯೂ ನಡೆಸಿದರು. ಅವರ ಪುತ್ರಿ ರಾಧಾಬಾಯಿ ಮದರಾಸಿನಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿದರು. ಅನ್ಯಜಾತಿಯವರಾದ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರೊಡನೆ ಆಕೆಯ ವಿವಾಹವಾಯಿತು. ಸುಬ್ಬರಾಯನ್ 1926ರಲ್ಲಿ ಮದರಾಸು ಪ್ರಾಂತದ ಮುಖ್ಯಸಚಿವರಾದರು. ರಾಧಾಬಾಯಿ 1930ರ ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತೀಯ ಸ್ತ್ರೀಯರನ್ನು ಪ್ರತಿನಿಧಿಸಿದ ಇಬ್ಬರಲ್ಲಿ ಒಬ್ಬರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್ ಎಂದು ಕರೆಯಲ್ಪಡುತ್ತಿದ್ದ ಕೇಂದ್ರ ಶಾಸನಸಭೆಯ ಮೇಲ್ಮನೆಗೆ ಆಯ್ಕೆಯಾದ ಪ್ರಥಮ ಮಹಿಳೆ ಎಂಬ ಕೀರ್ತಿಯೂ ಅವರದೇ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಪಿ.ಪಿ. ಕುಮಾರಮಂಗಲಂ ರಂಗರಾಯರ ಮೊಮ್ಮಗ.

ಬಾಳಿನ ಕೊನೆಯ ದಿನಗಳಲ್ಲಿ ರಂಗರಾಯರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದ ಸರಸ್ವತಿ ಎಂಬ ಹೆಸರು ತಳೆದರು. 1928ರ ಜನವರಿ 30ರಂದು ನಿಧನರಾದರು. ತಮ್ಮ ಪಾರ್ಥಿವ ಶರೀರವನ್ನು, ಸಮಾಜವು ಮುಟ್ಟಬಾರದೆಂದು ದೂರವಿಟ್ಟವರೇ ಹೊರಬೇಕೆಂಬುದು ಅವರ ಕೊನೆಯ ಆಸೆಯಾಗಿತ್ತು. ಅವರು ಕಟ್ಟಿದ ಸಂಸ್ಥೆ ಅವರ ನಂತರವೂ ನಡೆಯಿತು. 1934ರಲ್ಲಿ ಅಸ್ಪೃಶ್ಯತಾ ನಿವಾರಣೆಯ ಪ್ರವಾಸದಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಅಲ್ಲಿಗೆ ಭೇಟಿಯಿತ್ತು ರಂಗರಾಯರ ಸೇವೆಯನ್ನು ಕೊಂಡಾಡಿದರು.

ಮಂಗಳೂರಿನಲ್ಲಿ ಅವರ ಸಮಾಧಿಯ ಮೇಲೆ ಅವರ ಹಾರೈಕೆಯೊಂದನ್ನು ಕೆತ್ತಲಾಗಿದೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಕ್ಕಳು ಸರಕಾರಿ ಹುದ್ದೆಗೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಗಾಲಿಯಿಂದೆದ್ದ ಧೂಳು ತಮ್ಮ ತಲೆಗೆ ತಾಗಿದಾಗ ತಮ್ಮ ಜನ್ಮ ಸಾರ್ಥಕವಾಗುತ್ತದೆ ಎಂಬುದು ಅದರ ಆಶಯ. ಶಾಲೆಯೊಂದರ ಯಶಸ್ಸನ್ನು ಅಳೆಯಲು ಅವರು ಹಿಡಿದ ಅಳತೆಗೋಲು ಅದು. ದಾಖಲಾತಿ ಪುಸ್ತಕದಲ್ಲಿರುವ ಹೆಸರುಗಳ ಸಂಖ್ಯೆಯ ಆಚೆಗೆ, ಕಡೆಯ ಸಾಲಿನ ಮಗು ಬದುಕಿನಲ್ಲಿ ಎಲ್ಲಿಯವರೆಗೆ ತಲುಪಿತೆಂದು ಕೇಳುವ ಆ ಅಳತೆ ಇಂದಿನ ಶಾಲೆಗಳಿಗೂ ಅನ್ವಯಿಸುತ್ತದೆ.