ಹಾಜಿ ಮೊಹಸಿನ್ ಮತ್ತು ಬಡ ವಿದ್ಯಾರ್ಥಿಯ ಶುಲ್ಕ



ದಾನ ಮಾಡುವುದು ದೊಡ್ಡ ಕೆಲಸ. ಆದರೆ ಮಾಡಿದ ದಾನವು ತಲುಪಬೇಕಾದವರಿಗೆ ತಲುಪುವಂತೆ ನೋಡಿಕೊಳ್ಳುವುದು ಅದಕ್ಕಿಂತಲೂ ದೊಡ್ಡ ಕೆಲಸ. ಈ ಮಾತಿನ ಸತ್ಯವನ್ನು ತಿಳಿಯಬೇಕಾದರೆ ಬಂಗಾಳದ ಹಾಜಿ ಮುಹಮ್ಮದ್ ಮೊಹಸಿನ್ ಅವರ ಜೀವನವನ್ನೂ, ಅವರ ಮರಣದ ನಂತರ ಅವರ ಸಂಪತ್ತಿನ ಕಥೆಯನ್ನೂ ನೀವು ಓದಬೇಕು. ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶಗಳಲ್ಲಿ ಅವರ ಹೆಸರು ಮನೆಮಾತು. ನಮ್ಮ ಕಡೆಯ ವಿದ್ಯಾರ್ಥಿಗಳೂ ಅವರನ್ನು ಅರಿಯುವುದು ಅಗತ್ಯ.

ಮೊಹಸಿನ್ ಅವರು 1732ರಲ್ಲಿ ಹೂಗ್ಲಿಯಲ್ಲಿ ಜನಿಸಿದರು. ಗಂಗೆಯ ಕವಲಿನ ದಡದ ಈ ಪಟ್ಟಣ ಆಗ ಹೆಸರಾಂತ ವ್ಯಾಪಾರ ಕೇಂದ್ರವಾಗಿತ್ತು. ತಂದೆ ಹಾಜಿ ಫೈಝುಲ್ಲಾ. ತಾಯಿ ಝೈನಬ್ ಅವರಿಗೆ ಮೊದಲ ವಿವಾಹದಿಂದ ಮನ್ನುಜಾನ್ ಖಾನಂ ಎಂಬ ಮಗಳಿದ್ದರು. ಮನ್ನುಜಾನ್‌ರಿಗೆ ತಮ್ಮ ತಂದೆ ಆಗಾ ಮೊತಾಹರ್ ಅವರಿಂದ ಜೆಸ್ಸೋರ್ ಭಾಗದ ದೊಡ್ಡ ಜಮೀನುದಾರಿ ಬಂದಿತ್ತು. ತಾಯಿ ಒಬ್ಬಳೇ, ತಂದೆ ಬೇರೆಯಾದ ಈ ಅಕ್ಕ ತಮ್ಮಂದಿರ ಪ್ರೀತಿ ಮಾತ್ರ ಕೊನೆಯವರೆಗೂ ಬೇರೆಯಾಗಲಿಲ್ಲ.

ತಾರುಣ್ಯದಲ್ಲಿ ಮೊಹಸಿನ್ ಊರು ಬಿಟ್ಟು ಹೊರಟರು. ಇರಾನ್, ಇರಾಕ್, ಅರೇಬಿಯಾ ಮುಂತಾದ ದೇಶಗಳನ್ನು ಸುತ್ತಿ, ಹಜ್ ನಿರ್ವಹಿಸಿ, ಹಲವು ವರ್ಷಗಳ ನಂತರ ಮರಳಿದರು. ಅಷ್ಟರಲ್ಲಿ ವಿಧವೆಯಾಗಿದ್ದ ಅಕ್ಕನ ಆಸ್ತಿಯ ಉಸ್ತುವಾರಿ ಅವರ ಪಾಲಿಗೆ ಬಂತು. 1803ರಲ್ಲಿ ಮನ್ನುಜಾನ್ ನಿಧನರಾದಾಗ ಇಡೀ ಆಸ್ತಿ ತಮ್ಮನ ಹೆಸರಿಗಾಯಿತು. ಆಗ ಮೊಹಸಿನ್‌ರಿಗೆ ಎಪ್ಪತ್ತು ದಾಟಿತ್ತು. ಅವರು ವಿವಾಹವಾಗಿರಲಿಲ್ಲ, ಮಕ್ಕಳಿರಲಿಲ್ಲ.

ಅವರು 1806ರಲ್ಲಿ ಈ ಆಸ್ತಿಯನ್ನೆಲ್ಲಾ ವಕ್ಫ್ ಮಾಡಿದರು. ಆದಾಯವನ್ನು ಒಂಬತ್ತು ಪಾಲು ಮಾಡಿ, ಮೂರು ಪಾಲನ್ನು ಇಮಾಮ್‌ಬಾರಾ ಮತ್ತು ಧಾರ್ಮಿಕ ಕಾರ್ಯಗಳಿಗೆ, ನಾಲ್ಕು ಪಾಲನ್ನು ಪಿಂಚಣಿ, ವೇತನ ಹಾಗೂ ದಾನಧರ್ಮಗಳಿಗೆ, ಎರಡು ಪಾಲನ್ನು ಆಡಳಿತ ನಡೆಸುವ ಇಬ್ಬರು ಮುತವಲ್ಲಿಗಳಿಗೆ ಮೀಸಲಿಟ್ಟರು. 1812ರಲ್ಲಿ ಅವರು ಇಹಲೋಕ ತ್ಯಜಿಸಿದರು.

ಕಥೆ ಇಲ್ಲಿಗೆ ಮುಗಿಯಿತೆಂದು ನೀವು ಭಾವಿಸಬಹುದು. ನಿಜವಾದ ಕಥೆ ಶುರುವಾಗುವುದೇ ಇಲ್ಲಿಂದ. ಮುತವಲ್ಲಿಗಳ ಮೇಲೆ ದುರಾಡಳಿತದ ದೂರುಗಳು ಬಂದವು. ಸರ್ಕಾರ ಅವರನ್ನು ತೆಗೆದು ಆಸ್ತಿಯನ್ನು ವಶಕ್ಕೆ ಪಡೆಯಿತು. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ 1835ರಲ್ಲಿ ಇತ್ಯರ್ಥವಾಯಿತು. ಈ ನಡುವೆ ಕೂಡಿಬಿದ್ದ ಲಕ್ಷಗಟ್ಟಲೆ ರೂಪಾಯಿಗಳನ್ನು ಬಳಸಿ 1836ರ ಆಗಸ್ಟ್‌ನಲ್ಲಿ ಹೂಗ್ಲಿ ಕಾಲೇಜನ್ನು ತೆರೆಯಲಾಯಿತು. ಕಾಲೇಜು ಕಟ್ಟಬೇಕೆಂದು ಮೊಹಸಿನ್ ತಮ್ಮ ವಕ್ಫ್ ಪತ್ರದಲ್ಲಿ ಬರೆದಿರಲಿಲ್ಲ. ಆದರೂ ಅವರ ಹಣದಿಂದ ಎದ್ದ ಈ ಕಾಲೇಜು ಬಂಗಾಳಕ್ಕೆ ಬೆಳಕು ಕೊಟ್ಟಿತು. ಬಂಕಿಮಚಂದ್ರ ಚಟ್ಟೋಪಾಧ್ಯಾಯರು ಓದಿದ್ದು ಇಲ್ಲಿಯೇ. ಒಬ್ಬ ಹಾಜಿಯ ಸಂಪತ್ತು ಎಲ್ಲ ಮತದ ಮಕ್ಕಳಿಗೂ ನೆರವಾಯಿತೆಂಬುದು ನಮಗೆ ಹೆಮ್ಮೆಯ ವಿಷಯ.

ಆದರೆ ಒಂದು ಕೊರತೆ ಉಳಿಯಿತು. ಕಾಲೇಜಿನ ಬಾಗಿಲು ತೆರೆದಿದ್ದರೂ ಒಳಗೆ ಮುಸ್ಲಿಂ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟೇ ಇದ್ದರು. ಇದಕ್ಕೆ ಕಾರಣ ಹಲವು. ಇಂಗ್ಲಿಷ್ ಕಲಿಕೆಯ ಬಗ್ಗೆ ಹಿರಿಯರಲ್ಲಿ ಅನುಮಾನವಿತ್ತು. 1837ರ ಕಾನೂನಿನ ನಂತರ ಕಚೇರಿಗಳಿಂದ ಪರ್ಷಿಯನ್ ಭಾಷೆ ಮರೆಯಾಗತೊಡಗಿದಾಗ, ಅದನ್ನೇ ನಂಬಿದ್ದ ಅನೇಕ ಕುಟುಂಬಗಳ ಉದ್ಯೋಗ ಹೋಯಿತು. ಸಂಪಾದನೆ ನಿಂತ ಮನೆಯಲ್ಲಿ ತಿಂಗಳ ಶುಲ್ಕವೂ, ಊರಿಂದ ದೂರವಿದ್ದು ಓದುವ ಖರ್ಚೂ ಬೆಟ್ಟದಂತೆ ಕಾಣುತ್ತಿತ್ತು. 1871ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಸರ್ಕಾರಿ ಅಧಿಕಾರಿ ವಿಲಿಯಂ ಹಂಟರ್ ಕೂಡ ಈ ವಕ್ಫ್ ಹಣದ ಬಳಕೆಯನ್ನು ಟೀಕಿಸಿದರು.

ಈ ಅನ್ಯಾಯವನ್ನು ಸರಿಪಡಿಸಲು ಪಟ್ಟುಹಿಡಿದವರು ನವಾಬ್ ಅಬ್ದುಲ್ ಲತೀಫ್. 1863ರಲ್ಲಿ ಕಲ್ಕತ್ತೆಯಲ್ಲಿ ಮೊಹಮ್ಮಡನ್ ಲಿಟರರಿ ಸೊಸೈಟಿಯನ್ನು ಸ್ಥಾಪಿಸಿದ ಅವರು, ಕೂಗಾಟವಿಲ್ಲದೆ, ಮನವಿಯ ಮೇಲೆ ಮನವಿ ಸಲ್ಲಿಸಿ ಸರ್ಕಾರಕ್ಕೆ ವಿಷಯ ಮನದಟ್ಟು ಮಾಡಿದರು. 1873ರಲ್ಲಿ ನಿರ್ಧಾರ ಬದಲಾಯಿತು. ಹೂಗ್ಲಿ ಕಾಲೇಜಿನ ಖರ್ಚನ್ನು ಸರ್ಕಾರವೇ ವಹಿಸಿಕೊಂಡಿತು. ಮೊಹಸಿನ್ ನಿಧಿಯ ಹಣ ಢಾಕಾ, ಚಿತ್ತಗಾಂಗ್, ರಾಜಶಾಹಿಗಳ ಮದ್ರಸಗಳಿಗೂ, ಮುಸ್ಲಿಂ ವಿದ್ಯಾರ್ಥಿಗಳ ಶುಲ್ಕಕ್ಕೂ ಹರಿಯಿತು. ವಿದ್ಯಾರ್ಥಿಯ ಶುಲ್ಕದ ಮೂರರಲ್ಲಿ ಎರಡು ಭಾಗವನ್ನು ನಿಧಿ ಕಟ್ಟುತ್ತಿತ್ತು. ಉಳಿದ ಒಂದು ಭಾಗ ಮನೆಯವರದು.

ಸಂಘದ ಸದಸ್ಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. 1836ರಲ್ಲಿ ಕಟ್ಟಡ ಬಂತು. ಬಡ ಹುಡುಗನ ಶುಲ್ಕಕ್ಕೆ ಹಣ ಬರಲು ಮತ್ತೆ 37 ವರ್ಷ ಬೇಕಾಯಿತು. ಅಷ್ಟರಲ್ಲಿ ಒಂದು ಇಡೀ ತಲೆಮಾರು ಗೇಟಿನ ಹೊರಗೇ ಬೆಳೆದು ದೊಡ್ಡದಾಗಿತ್ತು. ಕಟ್ಟಡಕ್ಕೆ ದಾನ ಕೊಟ್ಟರೆ ಗೋಡೆಯ ಕಲ್ಲಿನಲ್ಲಿ ಹೆಸರು ಉಳಿಯುತ್ತದೆ. ಶುಲ್ಕಕ್ಕೆ ಕೊಟ್ಟ ದಾನಕ್ಕೆ ಕಲ್ಲಿಲ್ಲ. ಆದರೆ ಪ್ರವೇಶದ ಕೊನೆಯ ದಿನ ಕೌಂಟರಿನ ಮುಂದೆ ಖಾಲಿ ಕೈಯಲ್ಲಿ ನಿಂತ ಮಗುವಿಗೆ ಬೇಕಾದದ್ದು ಅದೇ. ಹಾಗೆಯೇ, ಲೆಕ್ಕ ಕೇಳುವವರಿಲ್ಲದಿದ್ದರೆ ಎಂತಹ ಪುಣ್ಯವಂತನ ವಕ್ಫ್ ಕೂಡ ದಾರಿ ತಪ್ಪುತ್ತದೆ ಎಂಬುದನ್ನೂ ಮರೆಯಬಾರದು.

ವಿದ್ಯಾರ್ಥಿ ಮಿತ್ರರೇ, ನಿಮಗೂ ಈ ಕಥೆಯಲ್ಲಿ ಒಂದು ಪಾಠವಿದೆ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಸೈಯದ್ ಅಮೀರ್ ಅಲಿ ಹೂಗ್ಲಿಯಲ್ಲಿ ವಿದ್ಯಾರ್ಥಿವೇತನ ಗಳಿಸಿ ಓದಿ 1867ರಲ್ಲಿ ಪದವಿ ಪಡೆದರು. ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಆದರು. 1890ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. 1909ರಲ್ಲಿ ಪ್ರಿವಿ ಕೌನ್ಸಿಲ್‌ಗೆ ನೇಮಕಗೊಂಡ ಮೊದಲ ಭಾರತೀಯರೆನಿಸಿದರು. ಮೊಹಸಿನ್ ಆಸ್ತಿಯ ವ್ಯಾಜ್ಯ ತೀರ್ಮಾನವಾಗಿದ್ದೂ ಅದೇ ಪೀಠದಲ್ಲಿ! ಇಷ್ಟು ಎತ್ತರಕ್ಕೆ ಏರುವಾಗಲೂ ಅವರು ಹೂಗ್ಲಿಯನ್ನು ಮರೆಯಲಿಲ್ಲ. 1876ರಿಂದ 1904ರವರೆಗೆ ಹೂಗ್ಲಿ ಇಮಾಮ್‌ಬಾರಾದ ಆಡಳಿತ ಸಮಿತಿಯ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದರು. ಕೈ ಚಾಚಿ ಪಡೆದವರು ಒಂದು ದಿನ ಕಾವಲು ನಿಲ್ಲಬೇಕು ಎಂಬುದನ್ನು ಅವರು ಮಾಡಿ ತೋರಿಸಿದರು.

ಇಂದು ಹೂಗ್ಲಿಯ ಕಾಲೇಜು ಮೊಹಸಿನ್‌ರ ಹೆಸರಿನಲ್ಲಿದೆ. ಚಿತ್ತಗಾಂಗ್‌ನಲ್ಲಿ ಅವರ ಹೆಸರಿನ ಕಾಲೇಜಿದೆ, ಢಾಕಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ನಿಲಯವಿದೆ. ಮಕ್ಕಳಿಲ್ಲದೆ ತೀರಿಕೊಂಡ ಹಿರಿಯರ ಹೆಸರನ್ನು ಸಾವಿರಾರು ಮಕ್ಕಳು ತಮ್ಮ ಪ್ರಮಾಣಪತ್ರಗಳಲ್ಲಿ ಹೊತ್ತು ಹೋಗುತ್ತಿದ್ದಾರೆ. ನಿಮ್ಮಲ್ಲಿ ಯಾರ ಓದಿಗಾದರೂ ಇನ್ನೊಬ್ಬರ ನೆರವು ಸಿಕ್ಕಿದ್ದರೆ, ಕೆಲಸ ಸಿಕ್ಕ ಮೊದಲ ವರ್ಷವೇ ಒಬ್ಬ ವಿದ್ಯಾರ್ಥಿಯ ಶುಲ್ಕದ ಹೊಣೆ ಹೊರಲು ಈಗಲೇ ಸಂಕಲ್ಪ ಮಾಡಿ.